ಹಿಂಗಾಲು ತೆಗೆದ ನಾಯಿಯ ಆರೈಕೆ: ಮನೆಗೆ ಕರೆತಂದ ಮೇಲೆ ಏನೇನು ಗಮನಿಸಬೇಕು?

ತುಂಗಾತೀರ (ಶಿವಮೊಗ್ಗ):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ನಾಯಿ ಕರಿಯನಿಗೆ ಹೆದ್ದಾರಿಯಲ್ಲಿ ವಾಹನ ಬಡಿದು ಬಲ ಹಿಂಗಾಲಿನ ಮೂಳೆ ಚೂರುಚೂರಾಗಿತ್ತು. ಹೇಗಾದರೂ ಕಾಲು ಉಳಿಯಲಿ ಎಂಬ ಆಸೆಯಿಂದ ಬೇರೆ ಕಡೆಯೂ ತೋರಿಸಿದೆವು. ಆದರೆ ಪಾದ ತಣ್ಣಗಾಗಿ, ಬೆರಳು ಚಿವುಟಿದರೂ ಅವನಿಗೆ ಗೊತ್ತಾಗದ ಸ್ಥಿತಿ ಬಂದಿದ್ದರಿಂದ ತೊಡೆಯ ಮೇಲ್ಭಾಗದಲ್ಲೇ ಕಾಲು ತೆಗೆಯಬೇಕಾಯಿತು. ನಾಟಿ ನಾಯಿ, ಗಂಡು, ನಾಲ್ಕು ವರ್ಷದವನು, ಹದಿನೆಂಟು ಕಿಲೋ ತೂಗುತ್ತಾನೆ. ನಿನ್ನೆ ಸಂಜೆ ಮನೆಗೆ ಕರೆತಂದಿದ್ದೇವೆ.

ರಾತ್ರಿಯೆಲ್ಲ ಸಣ್ಣಗೆ ಕುಂಯ್‌ಗುಡುತ್ತಿದ್ದ. ಅನ್ನ ಮುಟ್ಟಿಲ್ಲ, ಆಪರೇಷನ್ ಆದಂದಿನಿಂದ ಮಲವಿಸರ್ಜನೆಯೂ ಆಗಿಲ್ಲ. ಹೊಲಿಗೆಯ ಸುತ್ತ ಚರ್ಮ ನೀಲಿಗಟ್ಟಿದೆ, ಹೊಟ್ಟೆಯ ಕೆಳಭಾಗಕ್ಕೂ ಆ ಬಣ್ಣ ಇಳಿದಿದೆ. ನಮ್ಮದು ಹಳೆಯ ಮನೆ, ನಡುಮನೆಗೆ ಕೆಂಪು ಗಾರೆ, ಅಡುಗೆಮನೆಗೆ ಟೈಲ್ಸ್. ಎರಡು ಕಡೆಯೂ ಜಾರುತ್ತಾನೆ. ಜಗಲಿಯಿಂದ ಅಂಗಳಕ್ಕೆ ಮೂರು ಮೆಟ್ಟಿಲುಗಳಿವೆ. ಗಾಯಕ್ಕೆ ಅರಿಶಿನ ಮತ್ತು ಕೊಬ್ಬರಿಎಣ್ಣೆ ಹಚ್ಚಿ ಎಂದು ಪಕ್ಕದ ಮನೆಯ ಹಿರಿಯರು ಹೇಳುತ್ತಿದ್ದಾರೆ. ಅಮ್ಮನಂತೂ ಅವನನ್ನು ನೋಡಿದಾಗಲೆಲ್ಲ ಕಣ್ಣೀರು ಹಾಕುತ್ತಾರೆ. ಈ ಸ್ಥಿತಿಯಲ್ಲಿ ಬದುಕಿಸಿಕೊಂಡದ್ದು ಸರಿಯೇ ಎಂದು ಕೇಳುತ್ತಾರೆ. ಅನುಭವ ಇರುವವರು ದಯವಿಟ್ಟು ತಿಳಿಸಬೇಕು. ಕೃತಕ ಕಾಲು ಹಾಕಿಸುವ ಅವಕಾಶ ಇದೆಯೇ ಎಂಬುದೂ ನಮ್ಮ ಪ್ರಶ್ನೆ.


ಪಶುವೈದ್ಯ ಹಾಸನ:

ತುಂಗಾತೀರ ಅವರೇ, ನಾನು ಸಾಕುಪ್ರಾಣಿಗಳ ಚಿಕಿತ್ಸೆಯನ್ನೇ ಮಾಡಿಕೊಂಡಿರುವವನು. ಇಲ್ಲಿ ಬರೆಯುವುದು ನಿಮ್ಮ ವೈದ್ಯರ ಸಲಹೆಗೆ ಪೂರಕವೇ ಹೊರತು ಬದಲಿ ಅಲ್ಲ.

ಮೊದಲನೆಯದಾಗಿ ನೋವು. ಮನೆಗೆ ಬಂದ ನಾಯಿಯ ಚೇತರಿಕೆ ಮುಖ್ಯವಾಗಿ ನಿಂತಿರುವುದು ನೋವಿನ ಔಷಧಿಯನ್ನು ಗಡಿಯಾರ ನೋಡಿ ಕೊಡುವುದರ ಮೇಲೆ. ನಾಯಿ ಅತ್ತಾಗ ಕೊಡೋಣ, ಸುಮ್ಮನಿದ್ದರೆ ಒಂದು ಹೊತ್ತು ಬಿಡೋಣ ಎಂದುಕೊಳ್ಳಬೇಡಿ. ನಾಯಿಗಳು ನೋವನ್ನು ಅಡಗಿಸಿಕೊಳ್ಳುವ ಪ್ರಾಣಿಗಳು; ಅವು ಬಾಯಿ ಬಿಟ್ಟು ಅಳುವ ಹೊತ್ತಿಗೆ ನೋವು ಬಹಳ ಮುಂದೆ ಹೋಗಿರುತ್ತದೆ, ಆಮೇಲೆ ಅದನ್ನು ಹಿಡಿತಕ್ಕೆ ತರಲು ಹೆಚ್ಚು ಔಷಧಿ ಬೇಕಾಗುತ್ತದೆ. ಸಾಮಾನ್ಯವಾಗಿ ಮೆಲಾಕ್ಸಿಕ್ಯಾಮ್ ಅಥವಾ ಕಾರ್ಪ್ರೊಫೆನ್‌ನಂಥ ಉರಿಯೂತ ಶಮನಕಾರಿಯ ಜೊತೆಗೆ ನರದ ನೋವಿಗಾಗಿ ಗ್ಯಾಬಪೆಂಟಿನ್, ಮೊದಲ ಕೆಲವು ದಿನಗಳಿಗೆ ಬೇಕಿದ್ದರೆ ಟ್ರಾಮಡಾಲ್ ಕೊಟ್ಟಿರುತ್ತಾರೆ. ಉರಿಯೂತ ಶಮನಕಾರಿಯನ್ನು ಆಹಾರದ ಜೊತೆಗೇ ಕೊಡಬೇಕು. ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ, ಅಥವಾ ಅವನು ಏನೂ ತಿನ್ನದೆ ನೀರನ್ನೂ ಬಿಟ್ಟರೆ ಆ ಮಾತ್ರೆಯನ್ನು ನಿಲ್ಲಿಸಿ ತಕ್ಷಣ ಫೋನ್ ಮಾಡಿ.

ಮನೆಯ ಔಷಧಿ ಡಬ್ಬಿಯಿಂದ ನಮ್ಮ ಮಾತ್ರೆಗಳನ್ನು ತೆಗೆದುಕೊಡುವುದು ಕೂಡದು. ಐಬುಪ್ರೊಫೆನ್ ಮತ್ತು ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಕಾಂಬಿಫ್ಲಾಮ್‌ನಲ್ಲಿ ಇರುವುದೂ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್. (ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ಅವುಗಳ ಶವ ತಿಂದ ರಣಹದ್ದುಗಳನ್ನು ಮೂತ್ರಪಿಂಡದ ವೈಫಲ್ಯದಿಂದ ಕೊಂದದ್ದರಿಂದಲೇ 2006ರಲ್ಲಿ ಭಾರತ ಸರ್ಕಾರ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು. ರಾಮನಗರದ ಬೆಟ್ಟಗಳಲ್ಲಿ ಉಳಿದಿರುವ ಬೆರಳೆಣಿಕೆಯ ಹದ್ದುಗಳನ್ನು ಕಂಡವರಿಗೆ ಈ ಮಾತು ಹೊಸದಲ್ಲ.) ಹಾಗೆಯೇ ಮೆಲಾಕ್ಸಿಕ್ಯಾಮ್ ನಡೆಯುತ್ತಿರುವಾಗ ಬೇರೆ ಯಾರಾದರೂ ಪ್ರೆಡ್ನಿಸೊಲೋನ್ ಅಥವಾ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಕೊಡಲು ಬಂದರೆ, ಆಗಲೇ ಏನು ನಡೆಯುತ್ತಿದೆ ಎಂಬುದನ್ನು ಹೇಳಿಬಿಡಿ, ಮೆಲಾಕ್ಸಿಕ್ಯಾಮ್ ಮತ್ತು ಸ್ಟೀರಾಯ್ಡ್ ಒಟ್ಟಿಗೆ ಹೋಗಬಾರದು.

ರಾತ್ರಿಯ ಕುಂಯ್‌ಗುಟ್ಟುವಿಕೆಯೆಲ್ಲ ನೋವೇ ಆಗಿರಬೇಕೆಂದಿಲ್ಲ. ಅರಿವಳಿಕೆ ಮತ್ತು ಬಲವಾದ ನೋವುನಿವಾರಕಗಳ ಮಂಪರಿನಲ್ಲಿಯೂ ನಾಯಿಗಳು ಮೊದಲೆರಡು ರಾತ್ರಿ ಹಾಗೆ ಮಾಡುತ್ತವೆ. ಪಕ್ಕದಲ್ಲಿ ಕುಳಿತು ತಲೆ ಸವರಿದರೆ ಸುಮ್ಮನಾಗುತ್ತಾನೆಯೇ, ಸ್ವಲ್ಪ ಹೊತ್ತಾದರೂ ಗಾಢವಾಗಿ ನಿದ್ರಿಸುತ್ತಾನೆಯೇ ಎಂದು ನೋಡಿ. ಸೆಕೆಯಿಲ್ಲದಿದ್ದರೂ ಏದುಸಿರು ಬಿಡುತ್ತ, ಮಲಗಲಾರದೆ ಕೂರಲಾರದೆ ಒದ್ದಾಡುತ್ತ, ಮೈ ನಡುಗಿಸುತ್ತಿದ್ದರೆ ಅದು ನೋವು. ಔಷಧಿಯ ಪ್ರಮಾಣ ಸಾಲುತ್ತಿಲ್ಲ ಎಂದೇ ತಿಳಿದು ನಿಮ್ಮ ವೈದ್ಯರನ್ನು ಕೇಳಿ.

ನೀಲಿ ಬಣ್ಣಕ್ಕೆ ಗಾಬರಿ ಬೇಡ. ಇಷ್ಟು ದೊಡ್ಡ ಸ್ನಾಯುಗಳನ್ನು ಕತ್ತರಿಸಿದ ಮೇಲೆ ಚರ್ಮದಡಿ ಒಸರಿದ ರಕ್ತ ಕೆಳಮುಖವಾಗಿ ಇಳಿದು ಹೊಟ್ಟೆಯವರೆಗೂ ಬರುವುದುಂಟು. ಅದು ಹಸಿರು, ಹಳದಿಗೆ ತಿರುಗಿ ಒಂದೆರಡು ವಾರಗಳಲ್ಲಿ ಮಾಯವಾಗುತ್ತದೆ. ಮೊದಲ ಎರಡು ಮೂರು ದಿನ ತೆಳುವಾದ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ಗಾಯದ ಸುತ್ತ ಇಡಿ. ಮೆತ್ತಗೆ ನೀರು ತುಂಬಿದಂಥ ಊತ ಕಾಣಿಸಿಕೊಂಡರೆ ಅದನ್ನು ಚುಚ್ಚಬೇಡಿ, ಹಿಂಡಬೇಡಿ. ಹೆಚ್ಚಿನ ಸಲ ತಾನಾಗಿಯೇ ಇಂಗುತ್ತದೆ. ಆದರೆ ಗಾಯದಿಂದ ಕೆಟ್ಟ ವಾಸನೆ ಬಂದರೆ, ಕೀವು ಕಂಡರೆ, ಹೊಲಿಗೆ ಬಿಟ್ಟುಕೊಂಡರೆ, ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ, ವಸಡು ಬಿಳಿಚಿಕೊಂಡರೆ, ಅಥವಾ ಒಂದು ದಿನವಿಡೀ ಮೂತ್ರ ಮಾಡದಿದ್ದರೆ ಕಾಯಬೇಡಿ. ಅರಿಶಿನ, ಎಣ್ಣೆ ಎರಡೂ ಬೇಡ. ಒಣಗಿದ ಹೊಲಿಗೆಯೇ ಒಳ್ಳೆಯ ಹೊಲಿಗೆ. ಎಣ್ಣೆ ಹಚ್ಚಿದರೆ ಧೂಳು ಅಂಟುತ್ತದೆ, ಅವನಿಗೆ ನೆಕ್ಕುವ ಆಸೆಯೂ ಹೆಚ್ಚುತ್ತದೆ.

ಮಲದ ವಿಷಯ: ಊಟವಿಲ್ಲದೆ, ನೋವಿನ ಔಷಧಿಯಿಂದ ಕರುಳಿನ ಚಲನೆ ನಿಧಾನವಾಗಿ, ಮೂರರಿಂದ ಐದು ದಿನ ತಡವಾಗುವುದು ಸಾಮಾನ್ಯ. ಬೇಯಿಸಿ ಕಿವುಚಿದ ಸಿಹಿಕುಂಬಳವನ್ನು ಒಂದೆರಡು ಚಮಚ ಅನ್ನಕ್ಕೆ ಕಲಸಿ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಯ ನೀರನ್ನು ಉಗುರುಬೆಚ್ಚಗೆ ಮಾಡಿ ಮುಂದಿಟ್ಟರೆ ಹಸಿವು ಸತ್ತ ನಾಯಿಯೂ ಮೂಗು ಅರಳಿಸುತ್ತದೆ.

ಕೃತಕ ಕಾಲಿನ ಬಗ್ಗೆ: ತೊಡೆಯ ಮೇಲ್ಭಾಗದಲ್ಲಿ ತೆಗೆದ ಮೇಲೆ ಅದನ್ನು ಕೂರಿಸಲು ಆಧಾರ ಉಳಿದಿರುವುದಿಲ್ಲ. ಕಾಲನ್ನು ಇಷ್ಟು ಮೇಲೆ ತೆಗೆದದ್ದೇಕೆ ಎಂದು ಬಹಳ ಜನ ಬೇಸರಪಡುತ್ತಾರೆ. ಮೊಂಡುಕಾಲು ಉದ್ದ ಉಳಿಸಿದರೆ ನಾಯಿ ಅದನ್ನು ಊರಲು ಹೋಗಿ ನೆಲಕ್ಕೆ ಉಜ್ಜಿ ಹುಣ್ಣು ಮಾಡಿಕೊಳ್ಳುತ್ತದೆ. ಅದಕ್ಕಾಗಿಯೇ ಮೇಲೆ ತೆಗೆದು ಸ್ನಾಯುವನ್ನು ಮೂಳೆಯ ತುದಿಗೆ ಮೆತ್ತೆಯಾಗಿ ಹೊದಿಸುತ್ತಾರೆ. ಹಿಂಗಾಲು ಹೋದ, ಹದಿನೆಂಟು ಕಿಲೋದ, ನಾಲ್ಕು ವರ್ಷದ ನಾಯಿಗೆ ಕೃತಕ ಕಾಲಿನ ಅಗತ್ಯವೂ ಬೀಳುವುದಿಲ್ಲ.


ಕಾಫಿತೋಟ (ಸಕಲೇಶಪುರ):

ಡಾಕ್ಟರು ಔಷಧಿಯ ವಿಷಯ ಪೂರ್ತಿ ಹೇಳಿದ್ದಾರೆ. ನಾನು ನೆಲದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಮೂರು ಕಾಲಿನ ನಾಯಿಯ ಧೈರ್ಯ ಕುಗ್ಗುವುದು ನೆಲದಲ್ಲಿ ಜಾರಿದಾಗ. ನಮ್ಮ ಚಂಪಿ ಕಾಡುಹಂದಿಗೆಂದು ಯಾರೋ ಬೇಲಿಯಲ್ಲಿ ಕಟ್ಟಿದ್ದ ತಂತಿಯ ಉರುಳಿಗೆ ಸಿಕ್ಕಿ ಹಿಂಗಾಲು ಕಳೆದುಕೊಂಡವಳು. ತಂತಿ ಬಿಗಿದ ಜಾಗದಿಂದ ಕೆಳಗೆ ರಕ್ತ ಸಂಚಾರ ನಿಂತು ಕಾಲು ಕೊಳೆಯತೊಡಗಿತ್ತು. ಮಲೆನಾಡಿನಲ್ಲಿ ನಾಯಿಗಳ ಕಾಲು ಹೋಗುವುದಕ್ಕೆ ವಾಹನಗಳಂತೆ ಈ ಉರುಳುಗಳೂ ಕಾರಣ ಎಂಬುದನ್ನು ಇಲ್ಲಿ ಹೇಳಲೇಬೇಕು. ತೋಟದಲ್ಲಿ ನಾಯಿ ಸಾಕಿದವರು ಬೇಲಿಯ ಸಾಲನ್ನು ಆಗಾಗ ನಡೆದು ನೋಡಬೇಕು.

ಕೆಂಪು ಗಾರೆಯ ನೆಲ ಎಷ್ಟು ಹಳೆಯದೋ ಅಷ್ಟು ನುಣುಪು. ಉಳಿದಿರುವ ಒಂದೇ ಹಿಂಗಾಲನ್ನು ನಾಯಿ ದೇಹದ ಮಧ್ಯಕ್ಕೆ ತಂದುಕೊಂಡು ಅದರ ಮೇಲೆ ನಿಲ್ಲುವುದನ್ನು ಕಲಿಯಬೇಕು. ಆ ಪಾದ ಒಮ್ಮೆ ಪಕ್ಕಕ್ಕೆ ಸರಿದರೆ ಹೊಲಿಗೆಯ ಕಡೆಗೇ ದೊಪ್ಪನೆ ಬೀಳುತ್ತದೆ. ಹಾಗೆ ಬಿದ್ದ ಮೇಲೆ ಏಳಲು ಒಪ್ಪದೆ ಮೂಲೆ ಹಿಡಿಯುವ ನಾಯಿಗಳಿವೆ. ಮನೆಯವರು ಅದನ್ನು ದುಃಖ ಎಂದುಕೊಳ್ಳುತ್ತಾರೆ, ನಿಜವಾಗಿ ಅದು ನೆಲದ ಭಯ. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ, ಒಂದು ದಾರಿಯನ್ನೇ ಹಾಸಿಬಿಡಿ. ಜಮಖಾನ ಒಂದನ್ನೇ ಹಾಸಿದರೆ ನಾಯಿಯ ಸಮೇತ ಅದೇ ಜಾರುತ್ತದೆ. ಯೋಗ ಮ್ಯಾಟ್ ಅಥವಾ ಹಿಂಬದಿಗೆ ರಬ್ಬರ್ ಇರುವ ಮ್ಯಾಟ್ ಒಳ್ಳೆಯದು. ಗೋಣಿಚೀಲವಾದರೆ ಒಗೆದು, ನಾಲ್ಕೂ ಅಂಚನ್ನು ಅಗಲವಾದ ಟೇಪಿನಿಂದ ನೆಲಕ್ಕೆ ಅಂಟಿಸಬೇಕು, ಇಲ್ಲದಿದ್ದರೆ ಮಡಿಕೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ಉಗುರುಗಳನ್ನು ಕತ್ತರಿಸಿ, ಪಾದದ ಮೆತ್ತೆಗಳ ನಡುವಿನ ಕೂದಲನ್ನೂ ಕತ್ತರಿಸಿ. ಬೆಳೆದ ಕೂದಲು ಮೆತ್ತೆಯ ಹಿಡಿತವನ್ನೇ ಕಳೆಯುತ್ತದೆ.

ಮೆಟ್ಟಿಲಿಗೆ ಸದ್ಯಕ್ಕೆ ಹಲಗೆ ಅಡ್ಡ ಇಡಿ. ಮೂತ್ರಕ್ಕೆ ಕರೆದೊಯ್ಯುವಾಗ ಉದ್ದನೆಯ ಟವಲನ್ನು ಹೊಟ್ಟೆಯ ಕೆಳಗೆ, ತೊಡೆಸಂದಿಗೆ ಸ್ವಲ್ಪ ಮುಂದೆ ಬರುವಂತೆ ಹಾಯಿಸಿ, ಎರಡೂ ತುದಿಗಳನ್ನು ಬೆನ್ನಿನ ಮೇಲೆ ಕೂಡಿಸಿ ಹಿಡಿದುಕೊಳ್ಳಿ. ಗಂಡುನಾಯಿಯಾದ್ದರಿಂದ ಟವಲ್ ಮೂತ್ರದ ದಾರಿಗೆ ಅಡ್ಡ ಬರದಂತೆ ನೋಡಿಕೊಳ್ಳಬೇಕು. ಎತ್ತಬೇಡಿ, ಬೀಳುವಾಗ ತಡೆಯುವಷ್ಟು ಆಧಾರ ಸಾಕು. ಎತ್ತಿ ಎತ್ತಿ ಓಡಾಡಿಸಿದ ನಾಯಿ ತನ್ನ ಸಮತೋಲವನ್ನು ತಾನೇ ಕಂಡುಕೊಳ್ಳುವುದಿಲ್ಲ. ಕಾಲೆತ್ತಿ ಮೂತ್ರ ಮಾಡುವ ಅಭ್ಯಾಸವಿದ್ದವನಿಗೆ ಮೊದಲ ಒಂದೆರಡು ದಿನ ಗೊಂದಲವಾಗಬಹುದು. ಕ್ರಮೇಣ ಒಂಟಿ ಹಿಂಗಾಲನ್ನು ಊರಿ, ಮೈಯನ್ನು ತುಸು ಮುಂದಕ್ಕೆ ವಾಲಿಸಿ ಮಾಡುವುದನ್ನು ಕಲಿಯುತ್ತಾನೆ. ಮಲಕ್ಕೆ ಕೂರುವುದು ಇದಕ್ಕಿಂತ ಕಷ್ಟ, ಆಗ ಟವಲಿನ ಆಧಾರ ಬೇಕೇ ಬೇಕು.

ಗಾಯ ನೆಕ್ಕದಂತೆ ಕುತ್ತಿಗೆಗೆ ಹಾಕಿರುವ ಕೋನ್ ತೆಗೆಯಬೇಡಿ, ಎಷ್ಟೇ ದೈನ್ಯದಿಂದ ನೋಡಿದರೂ. ಅದನ್ನು ಒಪ್ಪದಿದ್ದರೆ ಮಕ್ಕಳ ಚಡ್ಡಿಯೊಂದಕ್ಕೆ ಬಾಲಕ್ಕಾಗಿ ತೂತು ಮಾಡಿ ತೊಡಿಸಬಹುದು. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಕೋನ್ ಹಾಕಿಯೇ ಇರಬೇಕು. ಅರ್ಧ ಗಂಟೆಯಲ್ಲಿ ಹೊಲಿಗೆಯನ್ನೆಲ್ಲ ಬಿಚ್ಚಿಹಾಕುವ ಶಕ್ತಿ ಆ ಹಲ್ಲುಗಳಿಗಿದೆ.


ಬಸವನಗುಡಿ ಓದುಗಿ:

ತುಂಗಾತೀರ ಅವರೇ, ನಿಮ್ಮ ತಾಯಿಯವರ ಪ್ರಶ್ನೆಯನ್ನು ನಾನು ಬಹಳ ಕಾಲ ಹೊತ್ತು ತಿರುಗಿದ್ದೇನೆ. ನಮ್ಮ ರಾಟ್‌ವೈಲರ್ ಸಿಂಹನಿಗೆ ಮುಂಗಾಲಿನ ಮಣಿಕಟ್ಟಿನ ಮೇಲ್ಭಾಗದಲ್ಲಿ ಮೂಳೆಯ ಕ್ಯಾನ್ಸರ್ ಆಗಿತ್ತು. ದೊಡ್ಡ ತಳಿಯ ನಾಯಿ ಪೆಟ್ಟಿಲ್ಲದೆ ಕುಂಟತೊಡಗಿ, ಮಾತ್ರೆ ಕೊಟ್ಟರೂ ಕುಂಟು ಮರಳಿ ಬರುತ್ತಿದ್ದರೆ ಎಕ್ಸ್‌ರೇ ತೆಗೆಸಲು ತಡ ಮಾಡಬಾರದು ಎಂದು ಇದನ್ನು ಓದುವ ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ಈ ಕ್ಯಾನ್ಸರ್ ಮುಂಗಾಲಿನಲ್ಲಿ ಮೊಣಕೈಯಿಂದ ದೂರದ ತುದಿಗಳಲ್ಲಿ, ಹಿಂಗಾಲಿನಲ್ಲಿ ಮೊಣಕಾಲಿನ ಹತ್ತಿರ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಕಾಲು ತೆಗೆಯುವ ಮೊದಲು ಎದೆಯ ಎಕ್ಸ್‌ರೇ ತೆಗೆದು ಶ್ವಾಸಕೋಶಕ್ಕೆ ಹರಡಿದೆಯೇ ಎಂದು ನೋಡಿದರು. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹತ್ತರಲ್ಲಿ ಒಂಬತ್ತು ನಾಯಿಗಳಲ್ಲಿ ಅದು ಆಗಲೇ ಹರಡಿರುತ್ತದೆ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ತಿಳಿಸಿದರು. ಕಾಲು ತೆಗೆಯುವುದೊಂದನ್ನೇ ಮಾಡಿದರೆ ಸಾಮಾನ್ಯವಾಗಿ ನಾಲ್ಕೈದು ತಿಂಗಳು, ಜೊತೆಗೆ ಕಾರ್ಬೊಪ್ಲಾಟಿನ್‌ನಂಥ ಕೀಮೋಥೆರಪಿ ಕೊಟ್ಟರೆ ಸುಮಾರು ಹತ್ತು ಹನ್ನೆರಡು ತಿಂಗಳು ಬದುಕು ಎಂಬ ಲೆಕ್ಕವನ್ನೂ ಕೊಟ್ಟರು. ಹಾಗಿದ್ದರೆ ಕಾಲು ತೆಗೆಯುವುದೇಕೆ ಎಂದು ಕೇಳಿದೆ. ಕ್ಯಾನ್ಸರ್ ಹತ್ತಿದ ಮೂಳೆಯ ನೋವು ಯಾವ ಮಾತ್ರೆಗೂ ಪೂರ್ತಿ ಬಗ್ಗುವುದಿಲ್ಲ, ಯಾವ ಹೊತ್ತಿನಲ್ಲಾದರೂ ಆ ಮೂಳೆ ಮುರಿಯಬಹುದು, ನೋವಿನ ಬೇರನ್ನೇ ತೆಗೆಯುವ ದಾರಿ ಇದು ಎಂದರು. ಆ ಮಾತು ಎಷ್ಟು ಸರಿ ಎಂಬುದು ಆಪರೇಷನ್ ಆದ ಮೇಲೆ ಅವನ ಮುಖದಲ್ಲೇ ಕಂಡಿತು. ವಾರಗಳಿಂದ ಸುಕ್ಕುಗಟ್ಟಿದ್ದ ಹಣೆ ಸಡಿಲವಾಗಿತ್ತು.

ನಾಯಿ ತನ್ನ ದೇಹದ ತೂಕದ ನೂರಕ್ಕೆ ಸುಮಾರು ಅರವತ್ತು ಭಾಗವನ್ನು ಮುಂಗಾಲುಗಳ ಮೇಲೆ ಹೊರುತ್ತದೆ. ಆದ್ದರಿಂದ ಮುಂಗಾಲು ಹೋದವಕ್ಕೆ ಹೊಂದಿಕೊಳ್ಳುವುದು ಹೆಚ್ಚು ಶ್ರಮದ ಕೆಲಸ. ಪ್ರತಿ ಹೆಜ್ಜೆಗೂ ತಲೆ ಮೇಲೆ ಕೆಳಗೆ ಆಡುತ್ತದೆ, ಇಳಿಜಾರು ಮತ್ತು ಮೆಟ್ಟಿಲು ಇಳಿಯುವುದು ಕಷ್ಟ. ಹಿಂಗಾಲು ಹೋದವಕ್ಕೆ ಏರುವುದು ಕಷ್ಟ. ಮುಂಗಾಲು ಇಲ್ಲದ ನಾಯಿಗೆ ನೀರು ಮತ್ತು ಊಟದ ಬಟ್ಟಲನ್ನು ಎದೆಯ ಮಟ್ಟಕ್ಕೆ ಬರುವಂತೆ ಮಣೆಯ ಮೇಲಿಡಬೇಕು, ಕುತ್ತಿಗೆಯ ಪಟ್ಟಿಗೆ ಬದಲು ಎದೆಗೆ ಹಾಕುವ, ಬೆನ್ನಿನ ಮೇಲೆ ಹಿಡಿಕೆಯಿರುವ ಬೆಲ್ಟ್ ಬಳಸಬೇಕು. ಕರಿಯನಿಗೆ ಹೋಗಿರುವುದು ಹಿಂಗಾಲು, ಅವನ ವಯಸ್ಸೂ ಚಿಕ್ಕದು, ಮುಂದಿರುವ ಆಯುಷ್ಯವೂ ದೊಡ್ಡದು. ನಿಮ್ಮ ತಾಯಿಯವರಿಗೆ ಇದನ್ನು ತಿಳಿಸಿ.


ಧಾರವಾಡದವನು:

ಎಲ್ಲರೂ ಧೈರ್ಯ ಹೇಳುತ್ತಿರುವಾಗ ಒಂದು ಎಚ್ಚರಿಕೆಯ ಮಾತನ್ನು ಸೇರಿಸಲು ಬಯಸುತ್ತೇನೆ. ಕರಿಯನ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಆದರೆ ಈ ಚರ್ಚೆಯನ್ನು ಮುಂದೆ ಓದುವವರು ಎಲ್ಲ ನಾಯಿಗಳಿಗೂ ಇದೇ ದಾರಿ ಎಂದು ತಿಳಿಯಬಾರದು. ಉಳಿದ ಕಾಲುಗಳ ಕೀಲುಗಳು ಆಗಲೇ ಸವೆದಿರುವ, ಅತಿಯಾದ ತೂಕವಿರುವ, ಬೆನ್ನುಹುರಿಗೆ ಪೆಟ್ಟಾಗಿರುವ ನಾಯಿಯ ಒಂದು ಕಾಲನ್ನು ತೆಗೆದರೆ ಅದು ನಿಲ್ಲುವುದು ಯಾವುದರ ಮೇಲೆ? ವಾಹನ ಬಡಿದ ನಾಯಿಯಲ್ಲಿ ಸೊಂಟದ ಮೂಳೆ, ಮೂತ್ರಕೋಶ, ಎದೆಗೂಡು ಸುಸ್ಥಿತಿಯಲ್ಲಿವೆಯೇ ಎಂದು ನೋಡದೆ ಕಾಲಿಗೆ ಕೈಹಾಕಬಾರದು. ನಮ್ಮ ಭಾಗದಲ್ಲಿ ನಾಯಿಯ ಮೈಗೆ ಹತ್ತುವ ಉಣ್ಣೆ ಹುಳುವಿನಿಂದ ಬರುವ ಎರ್ಲಿಕಿಯಾ ಜ್ವರ ಎಷ್ಟು ಸಾಮಾನ್ಯವೆಂದರೆ, ಮೇಲ್ನೋಟಕ್ಕೆ ಚೆನ್ನಾಗಿರುವ ನಾಯಿಯ ರಕ್ತದಲ್ಲೂ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಡಿಮೆಯಿರುವುದುಂಟು. ರಕ್ತ ಪರೀಕ್ಷೆಯಿಲ್ಲದೆ ಇಂಥ ದೊಡ್ಡ ಶಸ್ತ್ರಕ್ರಿಯೆಗೆ ಒಪ್ಪಬಾರದು. ಮೂರು ಕಾಲಿನ ಮೇಲೆ ನಿಲ್ಲಲಾರದ ನಾಯಿಗೆ ನೋವಿಲ್ಲದ ಸಾವನ್ನು ಕೊಡುವುದೂ ಪ್ರೀತಿಯ ನಿರ್ಧಾರವೇ ಎಂಬುದನ್ನು ಹೇಳಲು ನಾವು ಹಿಂಜರಿಯಬಾರದು.


ಪಶುವೈದ್ಯ ಹಾಸನ:

ಧಾರವಾಡದವರ ಮಾತನ್ನು ನಾನು ಒಪ್ಪುತ್ತೇನೆ. ಒಂದು ತಿದ್ದುಪಡಿ ಮಾತ್ರ: ದೊಡ್ಡ ಮೈ ಅಥವಾ ಹೆಚ್ಚು ವಯಸ್ಸು ಅಷ್ಟರಿಂದಲೇ ನಿರಾಕರಿಸಬೇಕಾಗಿಲ್ಲ. ಗ್ರೇಟ್ ಡೇನ್‌ನಂಥ ನಾಯಿಗಳೂ ಮೂರು ಕಾಲಿನ ಮೇಲೆ ಚೆನ್ನಾಗಿ ಓಡಾಡುತ್ತವೆ. ಅನುಮಾನವಿದ್ದರೆ ಶಸ್ತ್ರಕ್ರಿಯೆಗೆ ಮೊದಲೇ ತಿಳಿಯುವ ಸರಳ ದಾರಿಯಿದೆ. ಕೆಟ್ಟ ಕಾಲನ್ನು ಊರದೆ ಎತ್ತಿಕೊಂಡೇ ಆ ನಾಯಿ ಈಗ ನಡೆಯುತ್ತಿದೆಯೇ ನೋಡಿ. ನಡೆಯುತ್ತಿದ್ದರೆ ಅದು ಆಗಲೇ ಮೂರು ಕಾಲಿನ ನಾಯಿ. ತೆಗೆಯುವುದರಿಂದ ಭಾರ ಮತ್ತು ನೋವು ಎರಡೂ ಇಳಿಯುತ್ತವೆ.


ತುಂಗಾತೀರ (ಶಿವಮೊಗ್ಗ):

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಡುಮನೆಯಿಂದ ಹಿತ್ತಿಲ ಬಾಗಿಲವರೆಗೆ ಮ್ಯಾಟ್ ಹಾಸಿದ್ದೇವೆ. ಅವನು ಕೋಳಿಯ ನೀರು ಕಲಸಿದ ಅನ್ನ ತಿಂದ, ಮಲವಿಸರ್ಜನೆಯೂ ಆಯಿತು. ಟವಲಿನ ಆಧಾರದಿಂದ ಹಿತ್ತಿಲಿನ ತೆಂಗಿನ ಮರದವರೆಗೆ ಹೋಗಿ ಬರುತ್ತಾನೆ. ಬಸವನಗುಡಿಯ ಅಕ್ಕನವರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಈಗ ಮಾತ್ರೆಯ ಹೊತ್ತನ್ನು ಅವರೇ ನೆನಪಿಟ್ಟು ಕೊಡುತ್ತಿದ್ದಾರೆ.

ಒಂದು ವಿಷಯ ಮಾತ್ರ ನಮ್ಮನ್ನು ಹೆದರಿಸುತ್ತಿದೆ. ನೆಮ್ಮದಿಯಾಗಿ ಮಲಗಿದ್ದವನು ಇದ್ದಕ್ಕಿದ್ದಂತೆ ಕಿರುಚಿ ಎದ್ದು, ಕಾಲು ಇದ್ದ ಜಾಗವನ್ನು ತಿರುಗಿ ನೋಡಿ, ಅಲ್ಲಿಗೆ ಬಾಯಿ ಹಾಕಲು ಹೋಗುತ್ತಾನೆ. ತೊಡೆಯ ಉಳಿದ ಭಾಗದ ಸ್ನಾಯು ಪಟಪಟನೆ ಅದುರುತ್ತದೆ. ಒಂದು ನಿಮಿಷದಲ್ಲಿ ಎಲ್ಲ ಸರಿಹೋಗುತ್ತದೆ, ಗಾಯದಲ್ಲಿ ಏನೂ ಕಾಣುವುದಿಲ್ಲ. ಇದೇನು? ಇನ್ನೊಂದು ಪ್ರಶ್ನೆ: ನಮ್ಮ ಇನ್ನೊಂದು ನಾಯಿ ಗುಂಡಿಯನ್ನು ಯಾವಾಗ ಅವನ ಜೊತೆ ಬಿಡಬಹುದು?


ಪಶುವೈದ್ಯ ಹಾಸನ:

ನೀವು ವರ್ಣಿಸಿದ್ದು ಇಲ್ಲದ ಕಾಲಿನ ನೋವಿನಂತೆ ಕಾಣುತ್ತದೆ. ಕತ್ತರಿಸಿದ ನರದ ತುದಿಗಳು ಮತ್ತು ಬೆನ್ನುಹುರಿ ಇನ್ನೂ ಆ ಕಾಲಿನ ಸುದ್ದಿಯನ್ನು ಮಿದುಳಿಗೆ ಕಳಿಸುತ್ತಿರುತ್ತವೆ. ಮನುಷ್ಯರು ಅದನ್ನು ಬಾಯಿಬಿಟ್ಟು ಹೇಳುತ್ತಾರೆ. ನಾಯಿಯಲ್ಲಿ ನೀವು ಕಂಡಂಥ ಲಕ್ಷಣಗಳಿಂದಲೇ ಊಹಿಸಬೇಕು. ಆಪರೇಷನ್‌ಗೆ ಮೊದಲು ಬಹಳ ದಿನ ಕಾಲು ನೋಯುತ್ತಿದ್ದ ನಾಯಿಗಳಲ್ಲಿ ಇದು ಹೆಚ್ಚು. ಫೋನಿನಲ್ಲಿ ವಿಡಿಯೊ ತೆಗೆದು ನಿಮ್ಮ ವೈದ್ಯರಿಗೆ ತೋರಿಸಿ, ಅದಕ್ಕಿಂತ ಒಳ್ಳೆಯ ವರದಿ ಇಲ್ಲ. ಗ್ಯಾಬಪೆಂಟಿನ್ ಪ್ರಮಾಣವನ್ನು ಅವರು ಹೆಚ್ಚಿಸಬಹುದು, ಅಮಾಂಟಡಿನ್ ಸೇರಿಸಬಹುದು. ಗ್ಯಾಬಪೆಂಟಿನ್ ಅನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಹಂತಹಂತವಾಗಿ ಇಳಿಸಬೇಕು. ಮನುಷ್ಯರಿಗೆಂದು ಮಾಡಿದ ದ್ರವರೂಪದ ಗ್ಯಾಬಪೆಂಟಿನ್ ತರುವುದಾದರೆ ಅದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಅದು ನಾಯಿಗಳ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಗಾಯ ಮಾಗಿದ ಮೇಲೆ ಆ ಭಾಗವನ್ನು ಅಂಗೈಯಿಂದ ಹಗುರವಾಗಿ ಸವರುತ್ತ ಅಭ್ಯಾಸ ಮಾಡಿಸಿದರೆ ಕೆಲವು ನಾಯಿಗಳಿಗೆ ಹಿತವಾಗುತ್ತದೆ.

ಗುಂಡಿಯನ್ನು ಹೊಲಿಗೆ ತೆಗೆಯುವವರೆಗೆ, ಅಂದರೆ ಹತ್ತರಿಂದ ಹದಿನಾಲ್ಕು ದಿನ, ಕಟ್ಟಿಹಾಕಿ ದೂರದಿಂದ ನೋಡುವಂತೆ ಮಾಡಿ. ಆಟದ ಒಂದು ನೂಕಾಟ ಸಾಕು, ಒಳಗಿನ ಹೊಲಿಗೆ ಹರಿಯಲು.


ಕಾಫಿತೋಟ (ಸಕಲೇಶಪುರ):

ನಡಿಗೆಯ ಬಗ್ಗೆ ಒಂದು ಮಾತು. ಅಯ್ಯೋ ಪಾಪ ಎಂದು ಮನೆಯವರು ನಾಯಿಯನ್ನು ಬಹಳ ನಿಧಾನವಾಗಿ ನಡೆಸುತ್ತಾರೆ. ಮೂರು ಕಾಲಿನ ನಾಯಿಗೆ ನಿಧಾನ ನಡಿಗೆಯೇ ಹೆಚ್ಚು ಆಯಾಸ, ಏಕೆಂದರೆ ಪ್ರತಿ ಹೆಜ್ಜೆಯಲ್ಲೂ ನಿಂತು ಸಮತೋಲ ಹುಡುಕಬೇಕು. ತುಸು ವೇಗವಾಗಿ ಕುಪ್ಪಳಿಸಿದರೆ ಆ ವೇಗವೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಹೊಲಿಗೆ ತೆಗೆದ ಮೇಲೆ ಅವನ ವೇಗಕ್ಕೆ ನೀವು ಹೊಂದಿಕೊಳ್ಳಿ. ಆದರೆ ದೂರ ಕಡಿಮೆಯಿರಲಿ. ಒಂದು ದೊಡ್ಡ ಸುತ್ತಿಗಿಂತ ಐದು ನಿಮಿಷದ ನಾಲ್ಕು ಸುತ್ತು ಮೇಲು. ದಾರಿಯಲ್ಲಿ ಕುಳಿತರೆ ಎಬ್ಬಿಸಬೇಡಿ, ಅವನೇ ಏಳಲಿ.

ಮನೆಯಲ್ಲಿ ಮಾಡಿಸಬಹುದಾದ ವ್ಯಾಯಾಮವೂ ಇದೆ. ಮ್ಯಾಟಿನ ಮೇಲೆ ನಿಲ್ಲಿಸಿ, ಬೇಯಿಸಿದ ಕೋಳಿಯ ಚೂರೊಂದನ್ನು ಮೂಗಿನ ಮುಂದೆ ಹಿಡಿದು, ಪಾದ ಅಲುಗದಂತೆ ಮೂಗು ಮಾತ್ರ ಎಡ ಪಕ್ಕೆಯ ಕಡೆಗೆ, ಬಲ ಪಕ್ಕೆಯ ಕಡೆಗೆ, ಮೇಲಕ್ಕೆ, ಕೆಳಕ್ಕೆ ತಿರುಗುವಂತೆ ಚೂರನ್ನು ನಿಧಾನವಾಗಿ ಆಡಿಸಿ. ಹೀಗೆ ಮಾಡುವಾಗ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ಬಿಗಿಯುವುದು ಕೈಯಿಟ್ಟರೆ ತಿಳಿಯುತ್ತದೆ. ಒಂದು ತಿಂಗಳು ಕಳೆದ ಮೇಲೆ ನೆಲದ ಮೇಲೆ ಬಿದಿರಿನ ಕೋಲುಗಳನ್ನು ಅಂತರ ಬಿಟ್ಟು ಮಲಗಿಸಿ ದಾಟಿಸಿ. ಸಂಜೆ ಹೊತ್ತು ಎರಡೂ ಭುಜ ಮತ್ತು ಬೆನ್ನಿನ ಉದ್ದಕ್ಕೂ ಮೆಲ್ಲಗೆ ಒತ್ತುವುದು ಒಳ್ಳೆಯದು. ಹೋದ ಕಾಲಿನ ಕೆಲಸವನ್ನು ಈಗ ಅವು ಮಾಡುತ್ತಿವೆ.


ಕಡಲತೀರ (ಮಂಗಳೂರು):

ನಾನು ಬೀದಿನಾಯಿಗಳಿಗೆ ಊಟ ಹಾಕುವವರ ಗುಂಪಿನಲ್ಲಿರುವವಳು, ಆದ್ದರಿಂದ ಮಳೆಗಾಲದ ಕುರಿತು ಹೇಳಬೇಕೆನಿಸಿತು. ಒದ್ದೆ ಹವೆಯಲ್ಲಿ ಹೊಲಿಗೆಯ ಸಂದಿಗೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳುವಾಗುತ್ತದೆ. ದಿನಕ್ಕೆರಡು ಸಲ ಟಾರ್ಚ್ ಬೆಳಕಿನಲ್ಲಿ ಗಾಯವನ್ನು ನೋಡಿ, ಫ್ಯಾನಿನ ಕೆಳಗೆ ಅಥವಾ ಸೊಳ್ಳೆಪರದೆಯೊಳಗೆ ಮಲಗಿಸಿ. ಅಂಗಳದಿಂದ ಬಂದ ಕೂಡಲೇ ಹತ್ತಿ ಬಟ್ಟೆಯಿಂದ ಒತ್ತಿ ಒರಸಿ, ಉಜ್ಜಬೇಡಿ. ಹುಳು ಕಂಡರೆ ಸೀಮೆಎಣ್ಣೆ, ಪೆಟ್ರೋಲು, ಕರ್ಪೂರದ ಎಣ್ಣೆ ಹಾಕುವ ರೂಢಿ ಇನ್ನೂ ಇದೆ. ಅವು ಹಸಿ ಮಾಂಸವನ್ನು ಸುಡುತ್ತವೆ, ನೆಕ್ಕಿದರೆ ವಿಷ. ನೇರವಾಗಿ ವೈದ್ಯರ ಬಳಿಗೆ ಹೋಗಿ.

ಬೀದಿಯ ನಾಯಿಗೆ ಕಾಲು ತೆಗೆಸಿದವರಿಗೆ ಇನ್ನೂ ಒಂದು ಕಷ್ಟದ ಪ್ರಶ್ನೆ ಇರುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣ ಮತ್ತು ಲಸಿಕೆ ಆದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು. ಮೂರು ಕಾಲಿನ ನಾಯಿಯನ್ನೂ ಹಾಗೆಯೇ ಬಿಡಬಹುದೇ? ಊಟ ಹಾಕುವವರ ಮನೆಯೆದುರು, ವಾಹನ ಸಂಚಾರ ಕಡಿಮೆಯಿರುವ ಓಣಿಯಲ್ಲಿ, ತನ್ನ ಗುಂಪಿನೊಂದಿಗೆ ಗಟ್ಟಿಯಾಗಿ ಬದುಕುತ್ತಿರುವ ಹಿಂಗಾಲಿಲ್ಲದ ನಾಯಿಗಳನ್ನು ನಾನು ನೋಡುತ್ತಿದ್ದೇನೆ. ಮುಂಗಾಲಿಲ್ಲದ ನಾಯಿಯನ್ನು ಮಾತ್ರ ರಸ್ತೆಗೆ ಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ, ಅದಕ್ಕೆ ಮನೆಯೊಂದನ್ನು ಹುಡುಕಲೇಬೇಕು. ಕನಿಷ್ಠ ಹೊಲಿಗೆ ತೆಗೆದು, ಆಧಾರವಿಲ್ಲದೆ ಓಡುವವರೆಗೆ ಯಾರದಾದರೂ ಆವರಣದಲ್ಲಿ ಇರಿಸಿಕೊಳ್ಳುವ ಏರ್ಪಾಡನ್ನು ಶಸ್ತ್ರಕ್ರಿಯೆಗೆ ಮೊದಲೇ ಮಾಡಿಕೊಂಡಿರಬೇಕು.


ತುಂಗಾತೀರ (ಶಿವಮೊಗ್ಗ):

ವಿಡಿಯೊ ನೋಡಿದ ನಮ್ಮ ವೈದ್ಯರು ಗ್ಯಾಬಪೆಂಟಿನ್ ಪ್ರಮಾಣ ಹೆಚ್ಚಿಸಿದರು. ಆ ಕಿರುಚಾಟ ಈಗ ಬಹಳ ಕಡಿಮೆಯಾಗಿದೆ. ಕಡಲತೀರದವರು ಹೇಳಿದಂತೆ ಸೊಳ್ಳೆಪರದೆ ಕಟ್ಟಿದ್ದೇವೆ. ಊರಿನವರು, ನೆಂಟರು ನೋಡಲು ಬಂದವರೆಲ್ಲ ಬಿಸ್ಕತ್ತು, ಬನ್ನು ತಂದು ತಿನ್ನಿಸುತ್ತಿದ್ದಾರೆ. ಬೇಡವೆಂದರೆ ಬೇಸರಪಟ್ಟುಕೊಳ್ಳುತ್ತಾರೆ. ಇದರಿಂದ ತೊಂದರೆಯಿದೆಯೇ? ಹೊಲಿಗೆ ತೆಗೆಸಲು ಮುಂದಿನ ವಾರ ಹೋಗಬೇಕು, ಆಗ ಏನೇನು ಕೇಳಿಕೊಳ್ಳಬೇಕು?


ಪಶುವೈದ್ಯ ಹಾಸನ:

ತೊಂದರೆಯಿದೆ, ಮತ್ತು ಅದನ್ನು ನೆಂಟರಿಗೆ ಖಂಡಿತವಾಗಿ ಹೇಳಿ. ನಾಲ್ಕು ಕಾಲಿನ ನಾಯಿಗೆ ಎರಡು ಕಿಲೋ ಹೆಚ್ಚಾದರೆ ಅದು ಹೊರೆ. ಕರಿಯನಿಗೆ ಆ ಎರಡು ಕಿಲೋ ಉಳಿದ ಒಂದೇ ಹಿಂಗಾಲಿನ ಸೊಂಟ ಮತ್ತು ಮೊಣಕಾಲಿನ ಮೇಲೆ ಬೀಳುತ್ತದೆ. ಆ ಮೊಣಕಾಲಿನ ಮೂಳೆಗಳನ್ನು ಬಿಗಿದಿಡುವ ಅಸ್ಥಿಬಂಧ ಹರಿದರೆ ಅವನಿಗೆ ನಿಲ್ಲಲು ಹಿಂದೆ ಇನ್ನೊಂದು ಕಾಲಿಲ್ಲ. ಪಕ್ಕೆಲುಬಿನ ಮೇಲೆ ಅಂಗೈ ಹಗುರವಾಗಿ ಆಡಿಸಿದರೆ ಎಲುಬುಗಳು ಒಂದೊಂದಾಗಿ ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಒಳಸರಿದಿರಬೇಕು. ಓಡಾಟ ಕಡಿಮೆಯಿರುವ ಈ ವಾರಗಳಲ್ಲಿ ಅನ್ನದ ಪಾಲನ್ನು ಸ್ವಲ್ಪ ಇಳಿಸಿ, ಮೊಟ್ಟೆ ಮತ್ತು ಕೋಳಿಯ ಪಾಲನ್ನು ಉಳಿಸಿಕೊಳ್ಳಿ. ಬಂದವರಿಗೆ ಏನಾದರೂ ಕೊಡಲೇಬೇಕೆನಿಸಿದರೆ ಬೇಯಿಸಿದ ಕ್ಯಾರೆಟ್ ಅಥವಾ ಹುರುಳಿಕಾಯಿಯ ಚೂರುಗಳನ್ನು ಡಬ್ಬಿಯಲ್ಲಿ ಹಾಕಿ ಜಗಲಿಯ ಮೇಲಿಡಿ.

ಹೊಲಿಗೆ ತೆಗೆಸುವ ದಿನ ಅವನನ್ನು ತೂಕ ಮಾಡಿಸಿ ಬರೆದಿಟ್ಟುಕೊಳ್ಳಿ. ತೆಗೆದ ಕಾಲಿನ ತೂಕ ಕಳೆದು ಬರುವ ಆ ಸಂಖ್ಯೆಯೇ ಇನ್ನು ಮುಂದೆ ಅವನ ಅಳತೆ. ಎಡ ಸೊಂಟದ ಕೀಲನ್ನು ಒಮ್ಮೆ ಕೈಯಿಂದ ಪರೀಕ್ಷಿಸಲು ಕೇಳಿ. ಮೆಲಾಕ್ಸಿಕ್ಯಾಮ್ ಇನ್ನೂ ಬೇಕೇ, ಬೇಕಿದ್ದರೆ ಮೂತ್ರಪಿಂಡದ ರಕ್ತ ಪರೀಕ್ಷೆ ಯಾವಾಗ ಮಾಡಿಸಬೇಕು, ಗ್ಯಾಬಪೆಂಟಿನ್ ಅನ್ನು ಯಾವ ಕ್ರಮದಲ್ಲಿ ಇಳಿಸಬೇಕು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ರೇಬೀಸ್ ಲಸಿಕೆಯ ದಿನಾಂಕ ಹತ್ತಿರವಿದ್ದರೆ ಅದನ್ನೂ ಆಗಲೇ ತಿಳಿಸಿ. ಹೊಲಿಗೆ ತೆಗೆದ ಮೇಲೂ ಎರಡು ದಿನ ಕೋನ್ ಇರಲಿ, ಸ್ನಾನ ಒಂದು ವಾರ ಕಳೆದ ಮೇಲೆ.